ಸಿಮ್ಕೊ ಲೇಕಿನ ಟ್ರೌಟ್‌ಗೆ ಜೀವಂತ ಎರೆಯ ರಿಗ್: ಕಟ್ಟಿದವರು ಅನುಭವ ಹೇಳಿ

ಹೊಸ ಗಾಳಗಾರ: ನಮಸ್ಕಾರ. ಕೆನಡಾದ ಆಂಟೇರಿಯೊಗೆ ಬಂದ ಮೇಲೆ ಇದು ಮೊದಲ ಚಳಿಗಾಲ. ಬ್ಯಾರಿ ಹತ್ತಿರ ಸಿಮ್ಕೊ ಲೇಕಿನ ಕೆಂಪೆನ್‌ಫೆಲ್ಟ್ ಕೊಲ್ಲಿ ಹೆಪ್ಪುಗಟ್ಟಿದ ಮೇಲೆ ಮಂಜಿಗೆ ತೂತು ಕೊರೆದು, ಜೀವಂತ ಮಿನ್ನೊ (ಎರೆಗೆ ಬಳಸುವ ಸಣ್ಣ ಮೀನು) ಹಾಕಿ ಲೇಕ್ ಟ್ರೌಟ್ ಹಿಡಿಯುವ ಆಸೆ. ರಿಗ್, ಅಂದರೆ ದಾರ, ಗಾಳ, ಗುಂಡು ಸೇರಿಸಿ ಕಟ್ಟಿದ್ದು, ಮನೆಯಲ್ಲೇ ಕಟ್ಟಲಾ, ಅಂಗಡಿಯದೇ ಸಾಕಾ? ಜೊತೆಗೆ ಸಣ್ಣ ಮಗ ಇರುತ್ತಾನೆ.

ಕುಂದಾಪುರದವ: ಕಣ್ಣು ಮುಚ್ಚಿ ಕಟ್ಟಿ. ಅಂಗಡಿಯ ರಿಗ್‌ಗೆ ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದಕ್ಕೆ 7 ಡಾಲರ್. ದಪ್ಪ ತಂಗೂಸಿ, ಪೊಟ್ಟಣದಲ್ಲಿ ಸುತ್ತಿದ ಸುರುಳಿ ನೀರಿಗಿಳಿದರೂ ಬಿಚ್ಚುವುದಿಲ್ಲ. ನೀರೊಳಗಿನ ಕ್ಯಾಮೆರಾದಲ್ಲಿ ನೋಡಿದ್ದೇನೆ: ಟ್ರೌಟ್ ಬರುತ್ತದೆ, ಮಿನ್ನೊಗೆ ಮೂಗು ತಾಗಿಸುವಷ್ಟು ಹತ್ತಿರ ಬಂದು ತಿರುಗಿ ಹೋಗುತ್ತದೆ. ಈಗ 10 ಪೌಂಡ್ ಎಳೆತ ತಡೆಯುವ ಫ್ಲೋರೋಕಾರ್ಬನ್ ದಾರ 24 ಡಾಲರ್, ಗಾಳ 9, ಸ್ವಿವೆಲ್ (ದಾರ ತಿರುಚದಂತೆ ತಿರುಗುವ ಕೊಂಡಿ) 5, ಸೀಸದ ಗುಂಡು 4. ಒಟ್ಟು 42. ಶೇ. 13 ತೆರಿಗೆ ಸೇರಿ 47.46. 25 ಗಜದಲ್ಲಿ ಮೂರು ಅಡಿಯ 25 ರಿಗ್ ಆಗುತ್ತದೆ. ಒಂದಕ್ಕೆ 2 ಡಾಲರ್ ಕೂಡ ಬೀಳುವುದಿಲ್ಲ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೇ ದಾರ ಸೊರಗುತ್ತದೆ. ಒಂಟಿ ಗಾಳ, ಬೆನ್ನಿನ ರೆಕ್ಕೆಯ ಹಿಂದೆ, ಚರ್ಮದ ಕೆಳಗೆ ಮಾತ್ರ. ಬೆನ್ನುಮೂಳೆಗೆ ತಾಗಿದರೆ ಮಿನ್ನೊ ಸತ್ತಂತೆಯೇ.

ವಿರಾಜಪೇಟೆ: ಒಂಟಿ ಗಾಳದ ಮಾತು ಕೇಳಬೇಡಿ. ಟ್ರೌಟ್ ಮಿನ್ನೊವನ್ನು ನುಂಗುವ ತನಕ ಕಾಯುತ್ತೀರಿ, ಗಾಳ ಹೊಟ್ಟೆಗೇ ಇಳಿದಿರುತ್ತದೆ. ಆಮೇಲೆ ಬಿಟ್ಟರೂ ಉಳಿಯುವುದು ಕಷ್ಟ. ನಾನು ಎರಡು ಸಣ್ಣ ಮುಕ್ಕವಲು ಗಾಳ ಕಟ್ಟುತ್ತೇನೆ, ಒಂದು ತಲೆಯ ಹತ್ತಿರ, ಒಂದು ಬೆನ್ನಿಗೆ. ಮೀನು ಎಳೆದ ಕೂಡಲೇ ಸೆಳೆಯಬಹುದು, ತುಟಿಗೇ ಸಿಗುತ್ತದೆ. ಇದನ್ನು ಸರಿ ಮಾಡಿಕೊಳ್ಳಲು ಬಿದ್ದ ಖರ್ಚು ಕೇಳಿ. ಗಂಟಿನ ಬದಲು ದಾರ ಹಿಡಿಸುವ ಲೋಹದ ಸಣ್ಣ ಕೊಳವೆ (ಕ್ರಿಂಪ್) ಒತ್ತುವ ಇಕ್ಕಳ 38 ಡಾಲರ್. ಕೊಳವೆ ಪೊಟ್ಟಣಕ್ಕೆ 8, ಅಳತೆ ತಪ್ಪಿ ಕಳಿಸಿದರು, ಮತ್ತೆ 8. ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ಸ್ವಿವೆಲ್ ತೂತಿನ ಬಾಯಲ್ಲೇ ಬಿಚ್ಚಿಕೊಂಡಿತು. ಮೀನಿನ ತಲೆ ಮಂಜಿನ ಮೇಲೆ ಬಂದಿತ್ತು, ಸ್ವಾಮಿ! ಸ್ವಿವೆಲ್‌ಗೆ ಜಾಸ್ತಿ ಕೊಡಿ.

ಹೊನ್ನಾವರದ ಹುಡುಗಿ: ಇಬ್ಬರೂ ಗಂಟಿನಲ್ಲೇ ಇದ್ದೀರಿ. ಮಿನ್ನೊ ಸತ್ತರೆ ರಿಗ್ ಇಟ್ಟುಕೊಂಡು ಏನು ಮಾಡುತ್ತೀರಿ? ಡಜನ್‌ಗೆ 6.50 ಕೊಟ್ಟು ತಂದದ್ದು ಬಿಸಿ ಕಾರಿನಲ್ಲಿ ಒಂದೊಂದೇ ಮೇಲೆ ತೇಲಿತು. ಬಕೆಟ್ ತಣ್ಣಗಿರಲಿ, ನಲ್ಲಿ ನೀರು ಬೇಡ, ಕ್ಲೋರಿನ್ ಕೊಲ್ಲುತ್ತದೆ. ಮಿನ್ನೊ ಖರೀದಿ ರಸೀದಿ ಜೇಬಲ್ಲಿರಲಿ. ಎರೆ ಸಾಗಣೆಗೆಂದು ಆಂಟೇರಿಯೊವನ್ನು ವಲಯಗಳಾಗಿ ಹಂಚಿದ್ದಾರೆ; ಒಂದು ಎರೆ ವಲಯದಿಂದ ಇನ್ನೊಂದಕ್ಕೆ ಮಿನ್ನೊ ಸಾಗಿಸುವಂತಿಲ್ಲ. ಉಳಿದದ್ದನ್ನು ನೀರಿನಿಂದ 30 ಮೀಟರ್ ಆಚೆ ಚೆಲ್ಲಬೇಕು. ಅಲ್ಗಾಂಕ್ವಿನ್ ಪಾರ್ಕಿಗಂತೂ ಜೀವಂತ ಮಿನ್ನೊ ಒಯ್ಯಲೇಬಾರದು. ಮತ್ತೆ ಕುಂದಾಪುರದವರೇ, ಮಗು ಜೊತೆಗಿರುವವರಿಗೆ ಸೀಸ ಹೇಳುತ್ತೀರಾ? ಮಕ್ಕಳು ಗುಂಡನ್ನು ಹಲ್ಲಲ್ಲಿ ಕಚ್ಚುತ್ತವೆ. ಇಲ್ಲಿನ ಲೇಕುಗಳಲ್ಲಿ ಮುಳುಗಿ ಮೀನು ಹಿಡಿಯುವ ಲೂನ್ ಹಕ್ಕಿಗಳು ಸೀಸ ನುಂಗಿ ಸಾಯುತ್ತವೆ. ತವರದ ಗುಂಡು ಸಿಗುತ್ತದೆ.

ಕುಂದಾಪುರದವ: ತವರ ಹಗುರ, ಮೇಡಂ. ಅಷ್ಟು ಆಳಕ್ಕೆ ದೊಡ್ಡ ಗುಂಡು ಬೇಕು. ನಮ್ಮ ಅಜ್ಜ ಅಳಿವೆ ಬಾಗಿಲಲ್ಲಿ ಜೀವಮಾನವಿಡೀ ಸೀಸವನ್ನೇ ಕಟ್ಟಿದವರು.

ಹೊನ್ನಾವರದ ಹುಡುಗಿ: ನಮ್ಮಜ್ಜನೂ ಕಟ್ಟುತ್ತಿದ್ದರು. ಆಗ ಗೊತ್ತಿರಲಿಲ್ಲ, ಈಗ ಗೊತ್ತಿದೆಯಲ್ವಾ? ಎರಡು ಗುಂಡು ಜಾಸ್ತಿ ಹಾಕಿ, ಮುಗಿಯಿತು.

ವಿರಾಜಪೇಟೆ: ಹಕ್ಕಿಯ ಜಗಳ ಆಮೇಲೆ. ಸಿಮ್ಕೊಗೆ ಸಾಕಿ ಬಿಟ್ಟ ಟ್ರೌಟ್‌ಗೆ ರೆಕ್ಕೆ ಕತ್ತರಿಸಿರುತ್ತಾರೆ. ರೆಕ್ಕೆ ಪೂರ್ತಿ ಇದ್ದರೆ ಲೇಕಿನಲ್ಲೇ ಹುಟ್ಟಿದ್ದು ಅಂತ ತಿಳಿಯಿರಿ, ದಯವಿಟ್ಟು ಬಿಡಿ. ನಿಮ್ಮ ಒಂಟಿ ಗಾಳ ನುಂಗಿದ ಮೀನನ್ನು ಹೇಗೆ ಬಿಡುತ್ತೀರಿ?

ಕುಂದಾಪುರದವ: ನಾನು ತಿನ್ನಲು ಹಿಡಿಯುವವನು. ಕಾನೂನು ಬಿಟ್ಟಷ್ಟೇ ಇಟ್ಟುಕೊಳ್ಳುತ್ತೇನೆ. ಸುಮ್ನೆ ಎಳೆದು ಫೋಟೊ ತೆಗೆದು ಬಿಡುವುದಕ್ಕಿಂತ ಅದು ಮೇಲು.

ವಿರಾಜಪೇಟೆ: ತಿನ್ನುವುದಾದರೆ ಸರಿಯಾಗಿ ತಿನ್ನಿ. ಈ ಕೊಬ್ಬಿನ ಮೀನಿಗೆ ನಮ್ಮ ಕೊಡಗಿನ ಹುಳಿ, ಕಾಚಂಪುಳಿ ಬೇಕು. ನಿಮ್ಮ ಕಾಯಿಸಾರಿಗೆ ಹಾಕಿದರೆ ಬರೀ ಜಿಡ್ಡು.

ಹೊನ್ನಾವರದ ಹುಡುಗಿ: ಜಿಡ್ಡು ಯಾಕಾಗುತ್ತದೆ? ಬಂಗಡೆಗೂ ಕೊಬ್ಬಿಲ್ವಾ? ಜುಮ್ಮನಕಾಯಿ (ನಾಲಿಗೆ ಜುಮ್ಮೆನಿಸುವ ಮಸಾಲೆ ಕಾಯಿ) ಜಜ್ಜಿ ಹಾಕಿ, ಹುಣಸೆ ಸ್ವಲ್ಪ ಜಾಸ್ತಿ ಬಿಡಿ, ಕಾಯಿ ಕಡಿಮೆ ಮಾಡಿ. ಹೊಸ ಗಾಳಗಾರರೇ, ಮೊದಲ ಮೀನು ಸಿಕ್ಕರೆ ಹೀಗೇ ಮಾಡಿ, ಮಗನಿಗೆ ಮುಳ್ಳು ಬಿಡಿಸಿ ಕೊಡಿ.