ಸಿನಿಗಾಂಗ್‌ಗೆ ಪ್ಯಾಕೆಟ್ ಹುಳಿ ಹಾಕಬಹುದಾ?

ದುಬೈ ನರ್ಸ್:
ನನ್ನ ರೂಮ್‌ಮೇಟ್ ಫಿಲಿಪೀನ್ಸ್‌ನ ಮನಿಲಾದವಳು. ರಜೆ ಬಂದರೆ ಸಿನಿಗಾಂಗ್ ಮಾಡುತ್ತಾಳೆ. ಹಂದಿ ಮಾಂಸ, ಮೂಲಂಗಿ, ಕೆಸುವಿನ ಗೆಡ್ಡೆ, ಸೊಪ್ಪು ಹಾಕಿದ ಹುಳಿ ಸಾರು ಅದು. ಹುಳಿಗೆ ಮಾತ್ರ ಪ್ಯಾಕೆಟ್ ಪುಡಿ! ನನ್ನ ಹುಣಸೆಹಣ್ಣಿನ ಡಬ್ಬಿ ಕೊಟ್ಟರೆ, 'ಬೇಡ, ಅಮ್ಮನ ರುಚಿ ಬರಲ್ಲ' ಅಂದಳು. ಪ್ಯಾಕೆಟ್‌ನಲ್ಲಿ ಅಮ್ಮನ ರುಚಿ ಎಲ್ಲಿಂದ ಬರಬೇಕು?

ದವಾವೊ ಮೆಡಿಕಲ್:
ಅಕ್ಕಾ, ಅಲ್ಲಿ ಹಾಕುವುದು ಹಸಿ ಹುಣಸೆಕಾಯಿ. ಬೇಯಿಸಿ, ಹಿಸುಕಿ, ರಸ ಸೋಸುತ್ತಾರೆ. ನಮ್ಮ ಹಳೆ ಹುಣಸೆಹಣ್ಣು ಹಾಕಿದರೆ ಸಾರು ಕಪ್ಪಗಾಗುತ್ತದೆ. ಆದರೆ ಪ್ಯಾಕೆಟ್ ನನಗೂ ಇಷ್ಟವಿಲ್ಲ, ಸುಮ್ನೆ ಉಪ್ಪು, ಅಜಿನೊಮೊಟೊ. ದವಾವೊದಲ್ಲಿ ನಮ್ಮ ಮನೆ ಓನರ್ ಅಜ್ಜಿ ಹಿತ್ತಲಿನ ಕಾಮಿಯಾಸ್ ಕಿತ್ತು ಹಾಕುತ್ತಿದ್ದರು. ಕಾಮಿಯಾಸ್ ಅಂದರೆ ನಮ್ಮ ಬಿಂಬುಳಿ.

ಉಡುಪಿ ಮಾಣಿ:
ಬಿಂಬುಳಿ ಹಾಕಿದರೆ ಅದು ನಮ್ಮ ಮೀನು ಸಾರೇ ಅಲ್ವಾ ಮಾರಾಯ್ರೆ?

ದವಾವೊ ಮೆಡಿಕಲ್:
ಅಲ್ಲವೇ ಅಲ್ಲ. ತೆಂಗಿನಕಾಯಿ ಇಲ್ಲ, ಅರೆದ ಮಸಾಲೆ ಇಲ್ಲ. ಎಷ್ಟೋ ಮನೆಗಳಲ್ಲಿ ಸಾರಿಗೆ ಅಕ್ಕಿ ತೊಳೆದ ನೀರೇ ಹಾಕುತ್ತಾರೆ.

ಉಡುಪಿ ಮಾಣಿ:
ಅಕ್ಕಚ್ಚಾ! ಅದನ್ನು ನಾವು ದನಕ್ಕೆ ಕೊಡುತ್ತೇವೆ.

ಇಲೊಯಿಲೊ ಅಳಿಯ:
ಪ್ಯಾಕೆಟ್ ಬೈಯುವ ಮೊದಲು ನನ್ನ ಕಥೆ ಕೇಳಿ. ಹೆಂಡತಿಯ ಊರು ಫಿಲಿಪೀನ್ಸ್‌ನ ಇಲೊಯಿಲೊದಲ್ಲಿ ಕೆಬಿಎಲ್ ಅಂತ ಒಂದು ಅಡುಗೆ, ಅಂದರೆ ಕಡ್ಯೋಸ್, ಬಾಬೊಯ್, ಲಾಂಕಾ. ತೊಗರಿಕಾಳು, ಹಂದಿ, ಎಳೆ ಹಲಸು. ಹುಳಿಗೆ ಬತ್ವಾನ್ ಕಾಯಿ. ಅದು ಗಾರ್ಸಿನಿಯಾ, ನಮ್ಮ ಪುನರ್ಪುಳಿಯ ನೆಂಟ. ಬೆಂಗಳೂರಲ್ಲಿ ಬತ್ವಾನ್ ಎಲ್ಲಿ ಸಿಗಬೇಕು? ಬುದ್ಧಿವಂತಿಕೆ ಮಾಡಿ ಪುನರ್ಪುಳಿ ಹಾಕಿದೆ. ಎರಡು ಸಲ ಬಡಿಸಿಕೊಂಡಳು. ಆದರೆ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದು, 'ಇವರು ಏನೋ ಇಂಡಿಯನ್ ಸಾರು ಮಾಡಿದ್ದರು, ಚೆನ್ನಾಗಿತ್ತು' ಅಂತ. ತಾಜಾ ಹಣ್ಣು ಹಾಕಿದ ಮಾತ್ರಕ್ಕೆ ಊರಿನ ರುಚಿ ಬರಲ್ಲ.

ದವಾವೊ ಮೆಡಿಕಲ್:
ಅದು ಬೇರೆ ವಿಷಯ ಅಣ್ಣ. ಕಾಯಿಯ ಬದಲು ಕಾಯಿ ಹಾಕಿದಿರಿ. ಪುಡಿಗೂ ಕಾಯಿಗೂ ಹೋಲಿಕೆಯೇ ಇಲ್ಲ.

ದುಬೈ ನರ್ಸ್:
ಇವತ್ತು ಅವಳನ್ನೇ ಕೇಳಿದೆ. ಅಮ್ಮ ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸಕ್ಕಿದ್ದರಂತೆ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಬಂದ ದಿನವೇ, ಬಟ್ಟೆ ಕೂಡ ಬದಲಿಸದೆ, ಪ್ಯಾಕೆಟ್ ಒಡೆದು ಸಿನಿಗಾಂಗ್ ಮಾಡುತ್ತಿದ್ದರಂತೆ. ಹುಣಸೆಕಾಯಿ ಹಾಕುತ್ತಿದ್ದದ್ದು ಅಜ್ಜಿ. ನಾನು ಡಬ್ಬಿ ಒಳಗಿಟ್ಟೆ.

ದವಾವೊ ಮೆಡಿಕಲ್:
ಸರಿ ಅಕ್ಕಾ, ಸೋತೆ. ಆದರೂ ಉಪ್ಪು ನೋಡಿ ಹಾಕಲು ಹೇಳಿ. ಪುಡಿಯಲ್ಲೇ ಜಾಸ್ತಿ ಇರುತ್ತದೆ, ಮೇಲೆ ಮೀನಿನ ಸಾಸ್ ಪಾತಿಸ್ ಬೇರೆ.