ಅಡಿಕೆ ಕೊಟ್ಟಿಗೇಲಿ ನಿಂತ ಕಾಂಟೆಸ್ಸಾ: ರೆಡ್ ಆಕ್ಸೈಡಾ, ಎಪಾಕ್ಸಿಯಾ? ಮಳೆಗಾಲದಲ್ಲಿ ಪೇಂಟ್ ಹೊಡೀಬಹುದಾ?

ಕೆಎ14_ಕಾಂಟೆಸ್ಸಾ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ–ಆಗುಂಬೆ ನಡುವಿನ ಊರು ನಮ್ದು. ಗಾಡಿ ಹಿಂದೂಸ್ತಾನ್ ಮೋಟಾರ್ಸಿನ ಹಳೇ ಕಾರು ಕಾಂಟೆಸ್ಸಾ ಕ್ಲಾಸಿಕ್, ಇಸುಜು 1.8 ಪೆಟ್ರೋಲ್, ಐದು ಗೇರ್. ಬಹಳ ವರ್ಷದಿಂದ ಅಡಿಕೆ ಕೊಟ್ಟಿಗೇಲಿ ನಿಂತಿತ್ತು. ನಾನು (ಆಟೋಮೊಬೈಲ್ ಡಿಪ್ಲೊಮಾ ಎರಡನೇ ವರ್ಷ) ಮತ್ತು ಅಪ್ಪಯ್ಯ ಸೇರಿ ಮನೇಲೇ ರೆಡಿ ಮಾಡ್ತಿದೀವಿ. ಅಪ್ಪಯ್ಯನಿಗೆ ಆರ್ಕ್ ವೆಲ್ಡಿಂಗ್ ಬರತ್ತೆ.

ಸದ್ಯದ ಸ್ಥಿತಿ: ಸೀಟು, ಕಾರ್ಪೆಟ್, ಬಂಪರ್, ಗ್ಲಾಸು ಎಲ್ಲಾ ಬಿಚ್ಚಾಗಿದೆ. ಬಾನೆಟ್, ಟಾಪ್ ಗಟ್ಟಿ ಇವೆ. ಮುಂದಿನ ಎರಡೂ ಫೆಂಡರ್‌ಗಳ ಕೆಳಗಿನ ಅಂಚು, ಡಿಕ್ಕಿ ಫ್ಲೋರ್, ಹಿಂದಿನ ವೀಲ್ ಆರ್ಚ್ ತಿಂದು ಹೋಗಿವೆ. ಡ್ರೈವರ್ ಕಡೆ ಸಿಲ್ (ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆ ತಗಡು) ಅಂತೂ ಸ್ಕ್ರೂಡ್ರೈವರ್ ಚುಚ್ಚಿದ್ರೆ ಒಳಗೇ ಹೋಗತ್ತೆ. ಎಡಗಡೆದು ಪರವಾಗಿಲ್ಲ. ವಿಚಿತ್ರ ಅಂದ್ರೆ ಎರಡೂ ಕಡೆ ಒಂದೇ ಮಾಡಿನ (ಚಾವಣಿ) ಕೆಳಗೇ ಇತ್ತು. ಬಲಗಡೆ ಗೋಡೆಗೆ ಮೈಲುತುತ್ತದ ಚೀಲ ಇಡ್ತಿದ್ರು, ಅಷ್ಟೇ ವ್ಯತ್ಯಾಸ.

ಅಪ್ಪಯ್ಯನ ಪ್ಲಾನು: ತುಕ್ಕು ಉಜ್ಜಿ, ಮಾಡಿಗೆ ತಂದು ಉಳಿದಿರೋ ಜಿಂಕ್ ಶೀಟಲ್ಲಿ ಪ್ಯಾಚ್ ಹಾಕಿ, ರೆಡ್ ಆಕ್ಸೈಡ್ ಬಳಿದು, ದಸರೆಗೆ ಮುಂಚೆ ಎನ್‌ಸಿ (ನೈಟ್ರೋಸೆಲ್ಯುಲೋಸ್, ಥಿನ್ನರ್ ಆರಿದ್ರೇ ಗಟ್ಟಿಯಾಗೋದು) ಪೇಂಟ್ ಹೊಡೆಯೋದು. ನಂಗೆ 2ಕೆ ಪಿಯು (ಹಾರ್ಡ್‌ನರ್ ಬೆರೆಸೋ ಪಾಲಿಯುರೆಥೇನ್ ಪೇಂಟ್) ಹೊಡೀಬೇಕು ಅಂತ. ಯಾವುದು ಸರಿ? ಮಳೆ ನಿಲ್ಲೋಕೆ ಕಾಯಬೇಕಾ?

ಟಿಂಕರಿಂಗ್_ಶೆಡ್

ತಂಗಿ, ಮೊದಲು ಸಿಲ್ ವಿಷಯ. ಕಾಂಟೆಸ್ಸಾಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಡಿ ವಾಕ್ಸಾಲ್ ವಿಎಕ್ಸ್‌ನಿಂದ (ಬ್ರಿಟನ್ನಿನ ಕಾರು) ಬಂದದ್ದು, ಮಾನೊಕಾಕ್ (ಬಾಡಿಯೇ ಚಾಸಿ). ಸಿಲ್ಲೇ ಬೆನ್ನುಮೂಳೆ. ಹಾಗಾಗಿ ಅದು ಶೋಗೆ ಹಾಕೋ ಪ್ಯಾಚ್ ಅಲ್ಲ. ಕತ್ತರಿಸೋಕೆ ಮುಂಚೆ ಬಾಗಿಲು ಹಾಕಿ, ಸುತ್ತಲಿನ ಗ್ಯಾಪ್ ನಾಲ್ಕು ಕಡೆ ಅಳತೆ ತೆಗೆದು ಬಾಗಿಲ ಮೇಲೇ ಮಾರ್ಕರಲ್ಲಿ ಬರೀರಿ. ಆಮೇಲೆ ಬಾಗಿಲು ತೆಗೆದು, ಆ ಚೌಕಟ್ಟಿಗೆ ಅಡ್ಡಲಾಗಿ ಒಂದಿಂಚಿನ ಚೌಕ ಪೈಪ್ ಟ್ಯಾಕ್ ಮಾಡಿ (ಚುಕ್ಕಿ ಚುಕ್ಕಿಯಾಗಿ ವೆಲ್ಡ್). ಒಂದು ಸಲಕ್ಕೆ ಒಂದೇ ಕಡೆ ಸಿಲ್ ಕತ್ತರಿಸಿ. ಗಾಡಿ ಭಾರ ವೀಲ್ ಮೇಲೋ ಸಸ್ಪೆನ್ಷನ್ ಕೆಳಗಿನ ಸ್ಟ್ಯಾಂಡ್ ಮೇಲೋ ಇರಲಿ. ನಡುವೆ ಜಾಕ್ ಕೊಟ್ಟು ಕತ್ತರಿಸಿದ್ರೆ ಬಾಡಿ ಬಾಗತ್ತೆ, ಬಾಗಿಲು ಮತ್ತೆ ಕೂರಲ್ಲ.

ಜಿಂಕ್ ಶೀಟ್ ಬೇಡವೇ ಬೇಡ. ವೆಲ್ಡ್ ಬಿಸಿಗೆ ಜಿಂಕ್ ಆವಿಯಾಗಿ ಬೀಡ್ (ವೆಲ್ಡ್ ಗೆರೆ) ತುಂಬಾ ತೂತು ಬೀಳತ್ತೆ, ಹೊಗೆ ಕುಡಿದವರಿಗೆ ರಾತ್ರಿ ಚಳಿ ಜ್ವರ. 20 ಗೇಜ್ ಸಿಆರ್‌ಸಿಎ (ಜಿಂಕ್ ಇಲ್ಲದ ಕೋಲ್ಡ್ ರೋಲ್ಡ್ ಉಕ್ಕು) ಶೀಟ್ ತನ್ನಿ. ಸಿಲ್ಲಿಗೆ 18 ಗೇಜ್. ಆರ್ಕ್ ಕೂಡ ಬೇಡ, ಇಷ್ಟು ತೆಳು ತಗಡಿಗೆ ತೂತು ಗ್ಯಾರಂಟಿ. ಮಿಗ್ (ತಾನೇ ವೈರ್ ಹರಿಸೋ ವೆಲ್ಡಿಂಗ್) ಮೆಷಿನ್ ಬಾಡಿಗೆಗೆ ಸಿಗತ್ತೆ, 0.8 ಎಂಎಂ ವೈರು. ಗೆರೆ ಎಳೆದ ಹಾಗೆ ಒಂದೇ ಸಮ ಹೊಡೀಬಾರದು. 25–30 ಎಂಎಂ ಬಿಟ್ಟು ಬಿಟ್ಟು ಟ್ಯಾಕ್, ಒಂದು ಈ ತುದಿ, ಇನ್ನೊಂದು ಆ ತುದಿ. ಕೈ ಇಟ್ರೆ ಸುಡದಷ್ಟು ತಣ್ಣಗಾದ ಮೇಲೆ ಮುಂದಿನದು. ಇಲ್ಲಾಂದ್ರೆ ಶೀಟ್ ಹಪ್ಪಳದ ಹಾಗೆ ಏಳತ್ತೆ, ಅದನ್ನ ಮುಚ್ಚೋಕೆ ಅರ್ಧ ಇಂಚು ಪುಟ್ಟಿ ತುಂಬ್ತೀರಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಮತ್ತು ಪೆಟ್ರೋಲ್ ಟ್ಯಾಂಕ್ ಎರಡೂ ಗಾಡಿಯಿಂದ ಹೊರಗಿರಬೇಕು.

ಬಲಗಡೆ ಮಾತ್ರ ಯಾಕೆ ತಿಂತು ಅಂದ್ರೆ ಮೈಲುತುತ್ತವೇ ಕಾರಣ. ಬೋರ್ಡೋ (ಅಡಿಕೆಗೆ ಹೊಡೆಯೋ ಮೈಲುತುತ್ತ–ಸುಣ್ಣದ ದ್ರಾವಣ) ಕಲಸಿದಾಗ ಸುಣ್ಣ ಸಾಕಾಯ್ತಾ ನೋಡೋಕೆ ಕತ್ತಿ ಅದ್ದುತ್ತಾರಲ್ಲ, ಸುಣ್ಣ ಕಮ್ಮಿ ಇದ್ರೆ ಕತ್ತಿಗೆ ಕೆಂಪು ತಾಮ್ರ ಕೂರತ್ತೆ. ಕೂತ ತಾಮ್ರದಷ್ಟೂ ಕಬ್ಬಿಣ ಕರಗಿರತ್ತೆ. ಚೀಲದ ಧೂಳು ಸಿಲ್ ಜಾಯಿಂಟಲ್ಲಿ ಕೂತು, ಮಳೆಗಾಲದ ಥಂಡಿ ಹೀರಿಕೊಂಡು ಅದೇ ಕೆಲಸ ಮಾಡಿದೆ. ಒಳಗೆಲ್ಲಾ ನೀರಿನ ಪ್ರೆಶರ್ ಕೊಟ್ಟು ತೊಳೆದು, ಗಾಳಿ ಹೊಡೆದು ಪೂರ್ತಿ ಒಣಗಿಸಿ. ಈ ಉಪ್ಪಿನ ಮೇಲೆ ಯಾವ ಪ್ರೈಮರ್ ಹಾಕಿದ್ರೂ ಗುಳ್ಳೆ ಏಳತ್ತೆ. ಚೀಲಗಳನ್ನ ಇವತ್ತೇ ಬೇರೆ ಕಡೆ ಸಾಗಿಸಿ.

ರೆಡ್ ಆಕ್ಸೈಡ್ ಗೇಟಿಗೆ, ಗ್ರಿಲ್ಲಿಗೆ ಸರಿ. ಅದರ ಮೇಲೆ 2ಕೆ ಅಥವಾ ಎನ್‌ಸಿ ಹೊಡೆದ್ರೆ ಥಿನ್ನರ್ ಕೆಳಗಿಳಿದು ರೆಡ್ ಆಕ್ಸೈಡ್ ಮುದುಡಿ ಮೇಲೇಳತ್ತೆ. 2ಕೆ ಎಪಾಕ್ಸಿ ಪ್ರೈಮರ್ ಹಾಕಿ. ತಗಡನ್ನ 80 ನಂಬರ್ ಪೇಪರಲ್ಲಿ ಉಜ್ಜಿ, ವ್ಯಾಕ್ಸ್–ಗ್ರೀಸ್ ರಿಮೂವರ್ ಹಾಕಿದ ಬಟ್ಟೇಲಿ ಒರೆಸಿ, ಆರೋ ಮುಂಚೆಯೇ ಇನ್ನೊಂದು ಒಣ ಬಟ್ಟೇಲಿ ಒರೆಸಿ. ಸೀಮೆಎಣ್ಣೆ, ಡೀಸೆಲ್ ಮುಟ್ಟಿಸಬೇಡಿ, ಜಿಡ್ಡು ಉಳಿಯತ್ತೆ. ಬೆಳಿಗ್ಗೆ ಉಜ್ಜಿದ್ದಕ್ಕೆ ಸಂಜೆಯೊಳಗೆ ಎಪಾಕ್ಸಿ ಬಿದ್ದಿರಬೇಕು. ಮಲೆನಾಡಿನ ಜುಲೈಯಲ್ಲಿ ಬರೀ ಕೈಯಲ್ಲಿ ಮುಟ್ಟಿದ ತಗಡಿನ ಮೇಲೆ ಮರುದಿನ ಬೆರಳ ಗುರುತು ಕೆಂಪಗೆ ಮೂಡಿರತ್ತೆ. ಅದಕ್ಕೆ ಇಡೀ ಗಾಡಿ ಒಟ್ಟಿಗೆ ಬೋಳಿಸಬೇಡಿ, ಒಂದೊಂದೇ ಪ್ಯಾನೆಲ್ ಮಾಡಿ ಮುಗಿಸಿ.

ತುಕ್ಕಿಗೆ ಹಾಕೋ ಫಾಸ್ಫಾರಿಕ್ ಆಸಿಡ್ ಕನ್ವರ್ಟರ್ ಹಾಕಿದ ಜಾಗಕ್ಕೆ ನೇರ ಎಪಾಕ್ಸಿ ಬೇಡ. ಆಸಿಡ್ ಉಳಿದ್ರೆ ಎಪಾಕ್ಸಿ ಹಿಡಿಯಲ್ಲ, ಅಂಟಂಟಾಗೇ ಇರತ್ತೆ. ಕತ್ತರಿಸಿ ತೆಗೆಯೋಕಾಗೋ ತುಕ್ಕನ್ನ ಕತ್ತರಿಸೋದೇ ಮೇಲು.

ಹಳೇಬ್ರಷ್

ಅಪ್ಪಯ್ಯನ ಪರವಾಗಿ ಒಂದು ಮಾತು. ಎನ್‌ಸಿ ಅಷ್ಟೊಂದು ಕೆಟ್ಟದ್ದಲ್ಲ. ಬೇಗ ಆರತ್ತೆ, ಧೂಳು ಕೂರೋಕೆ ಟೈಮ್ ಸಿಗಲ್ಲ, ತಪ್ಪಾದ್ರೆ ಉಜ್ಜಿ ಅದೇ ದಿನ ಮತ್ತೆ ಹೊಡೀಬಹುದು. ಹಾರ್ಡ್‌ನರ್ ವಿಷ ಇಲ್ಲ. ಕಾಂಪೌಂಡ್ ಉಜ್ಜಿದ್ರೆ ಬರೋ ಆ ಮೆದು ಹೊಳಪು ಹಳೇ ಗಾಡಿಗೆ ಒಪ್ಪತ್ತೆ. ಆದ್ರೆ ಮಳೆಗಾಲದಲ್ಲಿ ಮಾತ್ರ ಬೇಡ. ಥಿನ್ನರ್ ಆರುವಾಗ ತಗಡಿನ ಮೇಲ್ಮೈ ತಣ್ಣಗಾಗಿ, ಗಾಳೀಲಿರೋ ನೀರು ಅದರ ಮೇಲೆ ಕೂತು, ಬಣ್ಣ ಬೂದಿ ಬಳಿದ ಹಾಗೆ ಬೆಳ್ಳಗಾಗತ್ತೆ. ರಿಟಾರ್ಡರ್ ಥಿನ್ನರ್ ಹಾಕಿದ್ರೆ ಸ್ವಲ್ಪ ತಡೆಯತ್ತೆ, ಆಗುಂಬೆ ಮಳೆಗೆ ಅದೂ ಸಾಲಲ್ಲ. ಮತ್ತೆ ವರ್ಷಕ್ಕೊಂದು ಸಲ ಪಾಲಿಶ್ ಮಾಡೋ ತಾಳ್ಮೆ ಇದ್ರೆ ಮಾತ್ರ ಎನ್‌ಸಿ.

ಬೂತ್_ಭದ್ರಾವತಿ

ಮೇಲಿನವರು ಹೇಳಿದ್ದು ನಿಜ, ಆದ್ರೂ ನನ್ನ ಓಟು 2ಕೆಗೆ. ಬಿಸಿಲು, ಪೆಟ್ರೋಲ್ ಹನಿ ಎರಡನ್ನೂ ತಡೆಯತ್ತೆ. ಮೆಟಾಲಿಕ್ ಬೇಡ. ಮನೇಲಿ ಪ್ಯಾನೆಲ್ ಪ್ಯಾನೆಲ್ ಹೊಡೆದಾಗ ಬಾಗಿಲೊಂದು ಶೇಡ್, ಫೆಂಡರೊಂದು ಶೇಡ್ ಬರತ್ತೆ. ಸಾಲಿಡ್ ಕಲರ್, ಕ್ಲಿಯರ್ (ಮೇಲಿನ ಪಾರದರ್ಶಕ ಪದರ) ಇಲ್ಲದ ಪಿಯು ತಗೊಳ್ಳಿ.

ಟೈಮಿಂಗ್: ದಸರೆ ಮರೆತುಬಿಡಿ. ಮಳೆಗಾಲ ಪೂರ್ತಿ ಕತ್ತರಿಸೋದು, ವೆಲ್ಡಿಂಗ್, ಎಪಾಕ್ಸಿ. ಮಳೆ ಹೊಳವಾದ ಮೇಲೆ ಪುಟ್ಟಿ, ಸರ್ಫೇಸರ್ (ಬಣ್ಣದ ಕೆಳಗೆ ಮೇಲ್ಮೈ ನಯ ಮಾಡೋ ಪ್ರೈಮರ್). ಬಣ್ಣ ಫೆಬ್ರವರೀಲಿ. ಯಾಕೆ ಡಿಸೆಂಬರ್ ಅಲ್ಲ ಅಂದ್ರೆ ಆಗ ನಿಮ್ಮ ಕೊಟ್ಟಿಗೇಲಿ ಅಡಿಕೆ ಸುಲಿತ ಇರತ್ತೆ, ಪಕ್ಕದಲ್ಲೇ ಹಂಡೆ ಬೇಯ್ತಿರತ್ತೆ. ಆ ಹಬೆ, ಹೊಗೆ, ಸಿಪ್ಪೆ ಧೂಳಿನ ನಡುವೆ ಸ್ಪ್ರೇ ಗನ್ ಹಿಡಿಯೋದು ವ್ಯರ್ಥ. ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಗಾಡಿ ಎಪಾಕ್ಸೀಲಿ ನಿಲ್ಲಬೇಕು, ಸರ್ಫೇಸರಲ್ಲಿ ಅಲ್ಲ. ಸರ್ಫೇಸರ್ ನೀರು ಹೀರತ್ತೆ, ಆ ನೀರು ಬಣ್ಣ ಹೊಡೆದ ಮೇಲೆ ಬೇಸಿಗೇಲಿ ಸಣ್ಣ ಸಣ್ಣ ಗುಳ್ಳೆಯಾಗಿ ಹೊರಗೆ ಬರತ್ತೆ. ಎಪಾಕ್ಸಿ ತಿಂಗಳುಗಟ್ಟಲೆ ನಿಂತ್ರೆ ಗಟ್ಟಿಯಾಗಿರತ್ತೆ, ಅದರ ಮೇಲೆ ಏನು ಹಾಕೋಕೂ ಮುಂಚೆ ಉಜ್ಜಲೇಬೇಕು, ಸರ್ಫೇಸರಿಗಾದ್ರೆ 320ರಲ್ಲಿ.

ಹೊಡೆಯೋ ದಿನ ನೋಡಬೇಕಾದ್ದು ಗಾಳಿಯ ಬಿಸಿ ಅಲ್ಲ, ತಗಡಿನ ಬಿಸಿ. ಗಾಳಿ 25 ಡಿಗ್ರಿ, ತೇವಾಂಶ ಶೇ. 85 ಇದ್ರೆ ಇಬ್ಬನಿ ಕೂರೋ ಬಿಂದು ಸುಮಾರು 22 ಡಿಗ್ರಿ. ತಗಡು ಅದಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಫೆಬ್ರವರಿ ಬೆಳಿಗ್ಗೆ ಹೊರಗೆ ಬಿಸಿಲು ಬಂದಿರತ್ತೆ, ರಾತ್ರಿ ಚಳೀಲಿ ನಿಂತ ಗಾಡಿ ಇನ್ನೂ ತಣ್ಣಗೇ ಇರತ್ತೆ. ಕಣ್ಣಿಗೆ ಕಾಣದ ತೇವದ ಮೇಲೇ ಪೇಂಟ್ ಬೀಳತ್ತೆ. ಪಿಯು ಹಾರ್ಡ್‌ನರಿಗೆ ನೀರು ಸಿಕ್ಕಿದ್ರೆ ಗ್ಯಾಸ್ ಆಗಿ ಸೂಜಿ ತೂತು ಬೀಳತ್ತೆ, ಹೊಳಪು ಸಾಯತ್ತೆ. ಒಂದು ಹೈಗ್ರೋಮೀಟರ್, ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಕೊಳ್ಳಿ. 11ಕ್ಕೆ ಶುರು ಮಾಡಿ 3ಕ್ಕೆ ಮುಗಿಸಿ. ಸಂಜೆ ಲೈಟ್ ಹಾಕಿ ಹೊಡೆದ್ರೆ ದೀಪದ ಹುಳ ಎಲ್ಲಾ ಬಾನೆಟ್ ಮೇಲೆ.

ಕಂಪ್ರೆಸರ್ 3 ಎಚ್‌ಪಿ ಆದ್ರೂ ಬೇಕು. ತ್ರೀ ಫೇಸ್ ಕರೆಂಟ್ ಬರೋ ಹೊತ್ತು ನೋಡ್ಕೊಂಡು ಮಿಕ್ಸ್ ಮಾಡಿ, ಹಾರ್ಡ್‌ನರ್ ಹಾಕಿದ ಪೇಂಟ್ ಮೆಸ್ಕಾಂಗೆ ಕಾಯಲ್ಲ. ವಾಟರ್ ಟ್ರ್ಯಾಪನ್ನ ಕಂಪ್ರೆಸರ್ ಬಾಯಿಗೇ ಹಾಕಬೇಡಿ. ಅಲ್ಲಿ ಗಾಳಿ ಬಿಸಿ, ನೀರಿನ್ನೂ ಆವಿಯಾಗಿರತ್ತೆ, ಟ್ರ್ಯಾಪ್ ದಾಟಿ ಹೋಗಿ ಪೈಪಲ್ಲಿ ಹನಿಯಾಗತ್ತೆ. 7–8 ಮೀಟರ್ ಪೈಪ್ ದಾಟಿದ ಮೇಲೆ ಹಾಕಿ. ಗನ್ 1.3 ಅಥವಾ 1.4 ಎಂಎಂ ನಾಜಲ್, ಪ್ರೈಮರಿಗೆ 1.8. ಅಂತರ 15–20 ಸೆಂಮೀ, ಪ್ರತಿ ಪಾಸೂ ಹಿಂದಿನದರ ಅರ್ಧ ಮೇಲೆ ಬರಬೇಕು. ಎರಡು ಕೋಟ್ ನಡುವೆ 10–15 ನಿಮಿಷ.

ಈಗ ಮುಖ್ಯವಾದ್ದು. 2ಕೆ ಹಾರ್ಡ್‌ನರಲ್ಲಿ ಐಸೋಸಯನೇಟ್ ಇರತ್ತೆ. ಅಪಾಯದ ಮಟ್ಟ ಮುಟ್ಟಿದ್ರೂ ವಾಸನೆ ಗೊತ್ತಾಗಲ್ಲ, ಒಂದು ಸಲ ಅಲರ್ಜಿ ಅಂಟಿಕೊಂಡ್ರೆ ಜೀವನಪೂರ್ತಿ ಅಸ್ತಮಾ. ಎನ್95, ಕರ್ಚೀಫು ಲೆಕ್ಕಕ್ಕಿಲ್ಲ. ಹೊರಗಿನ ಗಾಳಿ ಕೊಡೋ ಮಾಸ್ಕ್ ಸಿಕ್ರೆ ಅದೇ ಸರಿ. ಇಲ್ಲಾಂದ್ರೆ ಆರ್ಗ್ಯಾನಿಕ್ ವೇಪರ್ ಕ್ಯಾನಿಸ್ಟರ್ ಜೊತೆ ಪಾರ್ಟಿಕಲ್ ಫಿಲ್ಟರ್ ಇರೋ ಮಾಸ್ಕ್, ಹೊಸ ಕ್ಯಾನಿಸ್ಟರ್, ಕನ್ನಡಕ, ಗ್ಲೌಸ್, ಪೂರ್ತಿ ತೋಳು. ಅಪ್ಪಯ್ಯನಿಗೆ ಗಡ್ಡ ಇದ್ರೆ ಆ ದಿನ ತೆಗೀಲೇಬೇಕು, ಗಡ್ಡದ ಮೇಲೆ ಮಾಸ್ಕ್ ಸೀಲ್ ಆಗಲ್ಲ. ಇಬ್ಬರಲ್ಲಿ ಒಬ್ಬರೇ ಒಳಗಿರಿ.

ಕೆಎ14_ಕಾಂಟೆಸ್ಸಾ

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಜಿಂಕ್ ಶೀಟ್ ವಾಪಸ್ ಮಾಡಿಗೇ ಹೋಯ್ತು. ಅಪ್ಪಯ್ಯ ಗಡ್ಡದ ವಿಷಯಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ. ಪುಟ್ಟಿ ಎಪಾಕ್ಸಿ ಮೇಲೆ ಹಾಕೋದಾ, ಕೆಳಗಾ? ಒಟ್ಟು ಎಷ್ಟು ಮೆಟೀರಿಯಲ್ ತರಬೇಕು? ಬಿಳಿ ಗಾಡಿನ ಕಡುಗೆಂಪು ಮಾಡಿದ್ರೆ ಆರ್‌ಟಿಓ ತಕರಾರು ಇರತ್ತಾ?

ಟಿಂಕರಿಂಗ್_ಶೆಡ್

ಪುಟ್ಟಿ ಎಪಾಕ್ಸಿ ಮೇಲೆ. ಒಣಗಿದ ಎಪಾಕ್ಸಿನ 180ರಲ್ಲಿ ಉಜ್ಜಿ ಹಾಕಿ, 3 ಎಂಎಂ ದಾಟಬಾರದು. ಹಾರ್ಡ್‌ನರ್ ತೂಕದಲ್ಲಿ ನೂರಕ್ಕೆ ಎರಡು: 100 ಗ್ರಾಂ ಪುಟ್ಟಿಗೆ 2 ಗ್ರಾಂ. ಬೇಗ ಗಟ್ಟಿಯಾಗ್ಲಿ ಅಂತ ಜಾಸ್ತಿ ಹಾಕಿದ್ರೆ ಮಿಕ್ಕ ಹಾರ್ಡ್‌ನರ್ ಮೇಲಿನ ಬಣ್ಣಕ್ಕೆ ಏರಿ ಕಲೆ ಬೀಳತ್ತೆ. ಪುಟ್ಟಿನ ನೀರು ಹಾಕಿ ಉಜ್ಜೋದು ನಮ್ಮ ಕಡೆ ಗ್ಯಾರೇಜುಗಳ ಚಾಳಿ. ಮಾಡಬೇಡಿ, ಪುಟ್ಟಿ ಸ್ಪಂಜಿನ ಹಾಗೆ ನೀರು ಹಿಡಿಯತ್ತೆ. ಉದ್ದ ಬ್ಲಾಕಿಗೆ 80, ಆಮೇಲೆ 180, ಎಲ್ಲಾ ಒಣಗಿದ್ದೇ. ಕೊನೇಲಿ ಸರ್ಫೇಸರ್ ಮಾತ್ರ 600 ವಾಟರ್ ಪೇಪರ್, ಅದೂ ಬಿಸಿಲಿರೋ ದಿನ. ಉಜ್ಜಿದ ಮೇಲೆ ಒಂದು ದಿನ ಪೂರ್ತಿ ಆರಲಿ.

ಲೆಕ್ಕ, ಜಾಂಬು (ಬಾಗಿಲ ಚೌಕಟ್ಟು), ಡಿಕ್ಕಿ ಒಳಗೆ ಎಲ್ಲಾ ಸೇರಿ: ಎಪಾಕ್ಸಿ 2 ಲೀಟರ್, ಪುಟ್ಟಿ 3–4 ಕೆಜಿ, ಸರ್ಫೇಸರ್ 3 ಲೀಟರ್, ಪಿಯು ಬಣ್ಣ 4 ಲೀಟರ್. ಹಾರ್ಡ್‌ನರ್, ಥಿನ್ನರ್ ಬೇರೆ, ಡಬ್ಬಿ ಮೇಲಿನ ಅಳತೆಯಂತೆ. ಬಣ್ಣ ಒಂದೇ ಸಲ ಮಿಕ್ಸ್ ಮಾಡಿಸಿ. ಕೆಂಪಲ್ಲಿ ಎರಡನೇ ಸಲದ ಡಬ್ಬಿ ಹೊಂದೋದು ಕಷ್ಟ. ಮುಚ್ಚಳ ತೆಗೆದ ಹಾರ್ಡ್‌ನರ್ ಡಬ್ಬಿ ಮುಂದಿನ ವರ್ಷಕ್ಕೆ ಇಡಬೇಡಿ. ಶಿವಮೊಗ್ಗದಲ್ಲಿ ಸಿಗದ ಬೀಡಿಂಗ್, ರಬ್ಬರ್, ಲೈಟುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿ ನೋಡಿ, ಹಳೇದನ್ನ ಕೈಯಲ್ಲೇ ಹಿಡ್ಕೊಂಡು ಹೋಗಿ.

ಬ್ರೇಕ್, ಕ್ಲಚ್ ಹೈಡ್ರಾಲಿಕ್ ಕೆಲಸ ಎಲ್ಲಾ ಬಣ್ಣಕ್ಕೆ ಮುಂಚೆ. ಬ್ರೇಕ್ ಆಯಿಲ್ ಬಿದ್ರೆ ಹೊಸ ಪೇಂಟ್ ಎದ್ದು ಬರತ್ತೆ. ಬಣ್ಣ ಆದ ಮೇಲೆ ಸಿಲ್ ಒಳಗೆ, ಬಾಗಿಲ ಕೆಳಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗದಲ್ಲಿ ತುಕ್ಕು ತಡೆಯೋ ಮೇಣ) ಹೊಡೆದು, ನೀರು ಹೋಗೋ ತೂತುಗಳನ್ನ ತಂತಿ ಹಾಕಿ ಬಿಡಿಸಿ.

ಹಳೇಬ್ರಷ್

ಬಣ್ಣ ಬದಲಾಯಿಸಬಹುದು, ಮೋಟಾರು ವಾಹನ ಕಾಯ್ದೆ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಹೊಸ ಬಣ್ಣ ಬರೆಸಬೇಕು. ಇನ್ಶೂರೆನ್ಸಿನವರಿಗೂ ತಿಳಿಸಿ. 15 ವರ್ಷ ದಾಟಿದ ಗಾಡಿ ಆದ್ದರಿಂದ ಆರ್‌ಸಿ ನವೀಕರಣ ಐದೈದು ವರ್ಷಕ್ಕೆ. 50 ವರ್ಷ ಆಗದೆ ವಿಂಟೇಜ್ ನೋಂದಣಿ ಸಿಗಲ್ಲ, 1984ರಲ್ಲಿ ಶುರುವಾದ ಕಾಂಟೆಸ್ಸಾಗೆ ಆ ದಾರಿ ಸದ್ಯಕ್ಕಿಲ್ಲ. ಎರಡು ಅರ್ಜಿನೂ ಒಂದೇ ಇನ್‌ಸ್ಪೆಕ್ಷನ್‌ಗೆ ಹೊಂದಿಸೋಕೆ ಆಗತ್ತಾ ಅಂತ ಆಫೀಸಲ್ಲಿ ಮೊದಲೇ ಕೇಳಿ.

ಇನ್ನೊಂದು, ಪ್ರೈಮರ್ ಗನ್ ಎತ್ತೋಕೆ ಮುಂಚೆಯೇ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ನಾಲ್ಕೈದು ತೆಗೆದಿಟ್ಕೊಳ್ಳಿ. ಆ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ಪುಟ್ಟಿ ಹಚ್ಚಬೇಡಿ. ಕೈ ಪೇಪರಲ್ಲಿ ಹಗುರಕ್ಕೆ ಉಜ್ಜಿ ತೆಳ್ಳಗೆ ಒಂದೇ ಕೋಟ್ ಎಪಾಕ್ಸಿ, ಒಂದೇ ಕೋಟ್ ಬಣ್ಣ. ಅಕ್ಷರ ತುಂಬಿಕೊಂಡು ಪ್ರಿಂಟ್ ಬರದಿದ್ರೆ ಗಾಡಿ ಎಷ್ಟೇ ಚೆನ್ನಾಗಿದ್ರೂ ಇನ್‌ಸ್ಪೆಕ್ಟರ್ ವಾಪಸ್ ಕಳಿಸ್ತಾರೆ.