ಇಳಿಜಾರಿನ ಊರಲ್ಲಿ ಮಗುವಿಗೆ ಸೈಕಲ್ ಕಲಿಸೋದು ಹೇಗೆ?

ತೀರ್ಥಹಳ್ಳಿಯಿಂದ: ಮಗಳಿಗೆ ಆರು ವರ್ಷ, 16 ಇಂಚಿನ ಸೈಕಲ್. ಪಕ್ಕದ ಸಣ್ಣ ಚಕ್ರ ತೆಗೆದರೆ ವಾಲುತ್ತಾಳೆ. ಅಂಗಳ ದಾಟಿದರೆ ಬರೀ ಇಳಿಜಾರು. ಎಲ್ಲಿಂದ ಶುರು ಮಾಡಲಿ?

ಸಾಗರದಿಂದ: ಪೆಡಲ್ಲನ್ನೂ ಬಿಚ್ಚಿಬಿಡಿ. ಸಾಮಾನ್ಯವಾಗಿ 15 ಎಂಎಂ ಸ್ಪ್ಯಾನರ್ ಬೇಕು. ಎಡಗಡೆಯದು ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿ. ಇಲ್ಲವಾದರೆ ಇನ್ನೂ ಬಿಗಿಯಾಗುತ್ತೆ. ಎರಡೂ ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಸೀಟು ಇಳಿಸಿ. ಕಾಲಲ್ಲಿ ತಳ್ಳಿಕೊಂಡು ಹೋಗಲಿ. ಕಾಲೆತ್ತಿ ನಾಲ್ಕೈದು ಮೀಟರ್ ಸಾಗಿದ ಮೇಲಷ್ಟೇ ಪೆಡಲ್ ಹಾಕಿ. ನೀವು ಹ್ಯಾಂಡಲ್ ಹಿಡಿದು ಓಡಬೇಡಿ ಮಾರಾಯ್ರೇ! ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸಿ ಸರಿಮಾಡಿಕೊಳ್ಳೋದೇ ಬ್ಯಾಲೆನ್ಸ್, ನೀವು ಹಿಡಿದರೆ ಅದು ಬರಲ್ಲ.

ಶಿವಮೊಗ್ಗದಿಂದ: ಅದಕ್ಕೂ ಮೊದಲು ಬ್ರೇಕ್. ಮಗುವಿನ ಬೆರಳಿಗೆ ಲಿವರ್ ಎಟುಕದಿದ್ದರೆ ಅದರ ಬುಡದ ಪುಟ್ಟ ಸ್ಕ್ರೂ ಒಳಗೆ ತಿರುಗಿಸಿ, ಹತ್ತಿರ ಬರುತ್ತೆ. ಮಳೆಗಾಲದಲ್ಲಿ ರಿಮ್ ಒದ್ದೆಯಾದರೆ ಬ್ರೇಕ್ ತಡವಾಗಿ ಹಿಡಿಯುತ್ತೆ. ಪಾಚಿ ಕಟ್ಟಿದ ಅಂಗಳವಂತೂ ಬೇಡವೇ ಬೇಡ.

ತೀರ್ಥಹಳ್ಳಿಯಿಂದ: ಹೆಲ್ಮೆಟ್?

ಶಿವಮೊಗ್ಗದಿಂದ: ಹುಬ್ಬಿಗಿಂತ ಎರಡು ಬೆರಳು ಮೇಲಿರಲಿ. ಗಲ್ಲದ ಪಟ್ಟಿಯೊಳಗೆ ಒಂದೆರಡು ಬೆರಳು ತೂರಿದರೆ ಸಾಕು.